ಸ್ಲೋ ಮಾಡಿದರೆ ಪಿಕಪ್ ಗಾಡಿ ಆಫ್ ಆಗುತ್ತದೆ: ನಿಜವಾಗಲೂ ಪಂಪ್ ಹೋಗಿದೆಯಾ?

ಪ್ರಶ್ನೆ (ಪಿಕಪ್ ಮಾಲೀಕರು, ಮೂಡಿಗೆರೆ ಕಡೆಯವರು):
ನಮಸ್ಕಾರ ಸರ್. ನನ್ನದು 2018ರ ಬಿಎಸ್4 ಡೀಸೆಲ್ ಪಿಕಪ್. ಶುಂಠಿ, ತರಕಾರಿ ಲೋಡ್ ಹಾಕಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಬೆಳ್ತಂಗಡಿಗೆ ಹೋಗುತ್ತೇನೆ. ಈಚೆಗೆ ಘಾಟಿ ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಹಿಡಿದು ಕ್ಲಚ್ ಒತ್ತಿದ ತಕ್ಷಣ ಇಂಜಿನ್ ಆಫ್ ಆಗುತ್ತದೆ. ಊರೊಳಗೆ ಹಂಪ್ ಹತ್ತಿರವೂ ಒಮ್ಮೊಮ್ಮೆ ಹೀಗೇ. ಸ್ವಲ್ಪ ಹೊತ್ತು ಸೆಲ್ಫ್ ಹೊಡೆದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಘಾಟಿ ಹತ್ತುವಾಗ ಏನೂ ತೊಂದರೆ ಇಲ್ಲ, ಎಳೆತ ಚೆನ್ನಾಗಿದೆ. ಗ್ಯಾರೇಜಿನಲ್ಲಿ ಡೀಸೆಲ್‌ನ ಹೈ ಪ್ರೆಶರ್ ಪಂಪ್ ಹೋಗಿದೆ, ಪೂರ್ತಿ ಬದಲಾಯಿಸಿ ಅಂತಾರೆ. ಅಷ್ಟು ದುಡ್ಡು ಈಗ ಕೈಯಲ್ಲಿಲ್ಲ. ಏನು ಮಾಡಲಿ?

ಉತ್ತರ (ಡೀಸೆಲ್ ಮೆಕ್ಯಾನಿಕ್):
ಅಣ್ಣಾ, ಮೊದಲು ಒಂದು ಮಾತು. ಇದು ಸರಿಹೋಗುವ ತನಕ ಲೋಡ್ ಹಾಕಿ ಘಾಟಿ ಇಳಿಯಬೇಡಿ. ಇಂಜಿನ್ ಆಫ್ ಆದರೆ ಪವರ್ ಸ್ಟಿಯರಿಂಗ್ ಕಲ್ಲಾಗುತ್ತದೆ. ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಖಾಲಿ. ಆಮೇಲೆ ಎಷ್ಟು ಒತ್ತಿದರೂ ಪೆಡಲ್ ಗಟ್ಟಿ. ಎಲ್ಲಾದರೂ ಹಾಗಾದರೆ ಪೆಡಲನ್ನು ಪಂಪ್ ಮಾಡಬೇಡಿ. ಒಂದೇ ಸಲ ಜೋರಾಗಿ ಒತ್ತಿ, ಬಿಡದೆ ಹಿಡಿದುಕೊಳ್ಳಿ, ಹ್ಯಾಂಡ್ ಬ್ರೇಕನ್ನೂ ಎಳೆಯಿರಿ. ಗಾಡಿ ಓಡುತ್ತಿರುವಾಗ ಕೀ ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ, ಸ್ಟಿಯರಿಂಗ್ ಲಾಕ್ ಆಗುವ ಅಪಾಯ ಇದೆ.

ಪಂಪ್ ವಿಷಯ ಆಮೇಲೆ ನೋಡೋಣ. ಗಾಡಿ ಹೇಗೆ ಆಫ್ ಆಗುತ್ತದೆ ಅನ್ನುವುದು ನನಗೆ ಬೇಕು. ಆರ್‌ಪಿಎಂ ಮುಳ್ಳು ಒಮ್ಮೆಲೇ ಸೊನ್ನೆಗೆ ಬೀಳುತ್ತಾ, ಇಲ್ಲ ಐಡ್ಲಿಂಗ್‌ಗಿಂತ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವ ವೇಗಕ್ಕಿಂತ) ಕೆಳಗೆ ಇಳಿದು, ನಡುಗಿ ನಿಲ್ಲುತ್ತಾ? ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಟ್ಟರೆ ಐಡ್ಲಿಂಗ್ ಸರಿ ಇದೆಯಾ? ಕಪ್ಪು ಹೊಗೆ ಇದೆಯಾ? ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕಷ್ಟವಾ? ಡೀಸೆಲ್ ಎಲ್ಲಿ ಹಾಕಿಸುತ್ತೀರಿ?

ಪ್ರಶ್ನೆ ಕೇಳಿದವರು:
ಮುಳ್ಳು ಇಳಿದು ಇಳಿದು, ಗಾಡಿ ಒಮ್ಮೆ ನಡುಗಿ ನಿಲ್ಲುತ್ತದೆ ಸರ್. ನಿಂತಲ್ಲಿ ಐಡ್ಲಿಂಗ್ ಸರಿ ಇದೆ. ಹೊಗೆ ಇಲ್ಲ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಡೀಸೆಲ್ ಹೆಚ್ಚಾಗಿ ಬಂಕಿನದೇ. ಆದರೆ ತೋಟದ ಸ್ಪ್ರಿಂಕ್ಲರ್ ಪಂಪ್‌ಸೆಟ್‌ಗೆ ಅಂತ ಡ್ರಮ್ಮಿನಲ್ಲಿ ಇಟ್ಟಿರುತ್ತೇವೆ. ಅವಸರ ಇದ್ದಾಗ ಅದರಿಂದಲೂ ಹಾಕಿದ್ದೇನೆ.

ಉತ್ತರ:
ಆ ಡ್ರಮ್ಮಿನ ವಿಷಯ ಹೇಳಿದ್ದು ಒಳ್ಳೇದಾಯ್ತು.

ನೀವು ಹೇಳಿದ್ದರಲ್ಲೇ ಎಷ್ಟೋ ಭಾಗಗಳು ಲೆಕ್ಕದಿಂದ ಹೊರಗೆ ಹೋದವು. ಇಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೆ ಮುಳ್ಳು ಸಾಮಾನ್ಯವಾಗಿ ದಿಢೀರ್ ಅಂತ ಬೀಳುತ್ತದೆ. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ ಒಳಗೆ ಬಿಡುವ ಇಜಿಆರ್ ವಾಲ್ವ್ ಕರಿ ಹಿಡಿದು ತೆರೆದೇ ನಿಂತಿದ್ದರೆ ನಿಂತಲ್ಲೂ ಐಡ್ಲಿಂಗ್ ಒರಟಾಗಿರುತ್ತಿತ್ತು, ಹೊಗೆಯೂ ಬರುತ್ತಿತ್ತು. ಡೀಸೆಲ್ ಲೈನಿನಲ್ಲಿ ಗಾಳಿ ಎಳೆಯುತ್ತಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವುದೇ ಕಷ್ಟ. ಫಿಲ್ಟರ್ ಬರೀ ಕಟ್ಟಿಕೊಂಡಿದ್ದರೆ ಮೊದಲು ಘಾಟಿ ಹತ್ತುವಾಗಲೇ ಎಳೆತ ಇರುತ್ತಿರಲಿಲ್ಲ, ಏಕೆಂದರೆ ಡೀಸೆಲ್ ಜಾಸ್ತಿ ಬೇಕಾಗುವುದು ಅಲ್ಲಿ. ಪಂಪ್ ಪೂರ್ತಿ ಸವೆದಿದ್ದರೂ ಅದೇ ಕಥೆ. ಹತ್ತುವಾಗ ಚೆನ್ನಾಗಿ ಹತ್ತುವ ಗಾಡಿಗೆ ಪಂಪ್ ಬದಲಾಯಿಸಿ ಅಂತ ಅಳತೆ ನೋಡದೆ ಹೇಳುವುದು ನನಗೆ ಒಪ್ಪಿಗೆ ಇಲ್ಲ.

ಇಳಿಯುವಾಗ ಒಳಗೆ ಏನಾಗುತ್ತದೆ ನೋಡಿ. ನೀವು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಿರುತ್ತೀರಿ. ಚಕ್ರವೇ ಇಂಜಿನ್ ತಿರುಗಿಸುತ್ತಿರುತ್ತದೆ, ಹಾಗಾಗಿ ಇಸಿಯು (ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಡೀಸೆಲ್ ಚಿಮ್ಮಿಸುವುದನ್ನು ನಿಲ್ಲಿಸುತ್ತದೆ. ಹೈ ಪ್ರೆಶರ್ ಪಂಪಿಗೆ ಎಷ್ಟು ಡೀಸೆಲ್ ಬಿಡಬೇಕು ಅಂತ ನೋಡಿಕೊಳ್ಳುವ ಮೀಟರಿಂಗ್ ವಾಲ್ವ್ ಒಂದು ಪಂಪಿನ ಮೇಲೇ ಇದೆ. ಅದು ಆಗ ಹೆಚ್ಚೂಕಡಿಮೆ ಮುಚ್ಚಿರುತ್ತದೆ. ನೀವು ಕ್ಲಚ್ ಒತ್ತಿದ ಕ್ಷಣ ಇಂಜಿನ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಆ ವಾಲ್ವ್ ಥಟ್ಟನೆ ತೆರೆಯಬೇಕು, ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನ ಪ್ರೆಶರ್) ಕುಸಿಯದೆ ಉಳಿಯಬೇಕು. ಐಡ್ಲಿಂಗ್‌ನಲ್ಲಿ ಈ ಥರದ ಇಂಜಿನ್‌ಗಳಿಗೆ ಸುಮಾರು 250ರಿಂದ 350 ಬಾರ್ ಪ್ರೆಶರ್ ಬೇಕು. ವಾಲ್ವ್ ಅಂಟಿಕೊಂಡು ತಡವಾಗಿ ತೆರೆದರೆ ಪ್ರೆಶರ್ ಕುಸಿಯುತ್ತದೆ, ಇಂಜಿನ್ ನಡುಗಿ ನಿಲ್ಲುತ್ತದೆ. ನಿಮ್ಮ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. ಡ್ರಮ್ಮಿನ ಡೀಸೆಲ್ಲಿನಲ್ಲಿ ನೀರು ಇದ್ದರೆ ವಾಲ್ವ್ ಒಳಗೆ ಸುಲಭವಾಗಿ ತುಕ್ಕು ಹಿಡಿಯುತ್ತದೆ.

ಈಗ ಹೀಗೆ ಮಾಡಿ. ಡೀಸೆಲ್ ಫಿಲ್ಟರ್ ತಳದ ಡ್ರೈನ್ ಸ್ಕ್ರೂ ಸಡಿಲ ಮಾಡಿ ಒಂದು ಗಾಜಿನ ಲೋಟಕ್ಕೆ ಹಿಡಿದು, ಹತ್ತು ನಿಮಿಷ ಅಲುಗಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಜೊತೆಗೆ ಕ್ಲಚ್ ಕೂಡ ನೋಡಿಬಿಡಿ: ಸಮತಟ್ಟು ಜಾಗದಲ್ಲಿ ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಗೇರ್ ಹಾಕಿ. ಗಾಡಿ ಮುಂದೆ ತೆವಳಿದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ, ಅದೂ ಇಂಜಿನ್ ನಿಲ್ಲಿಸುತ್ತದೆ. ಆಮೇಲೆ ಲೈವ್ ಡೇಟಾ, ಅಂದರೆ ಗಾಡಿ ಓಡುವಾಗಲೇ ಒಳಗಿನ ಅಳತೆ ತೋರಿಸುವ ಸ್ಕ್ಯಾನರ್ ಇರುವ ಕಡೆ ಹೋಗಿ. ಬರೀ ಕೋಡ್ ಓದಿಸಿಕೊಂಡು ಬರಬೇಡಿ. ಖಾಲಿ, ಸಮತಟ್ಟು ರಸ್ತೆಯಲ್ಲಿ ಥರ್ಡ್ ಗೇರಿನಲ್ಲಿ 40ರ ವೇಗಕ್ಕೆ ಹೋಗಿ, ಆಕ್ಸಿಲರೇಟರ್ ಬಿಟ್ಟು, ನಿಧಾನವಾದ ಮೇಲೆ ಕ್ಲಚ್ ಒತ್ತಿ. ಪಕ್ಕದಲ್ಲಿ ಕೂತವರು ಇಸಿಯು ಕೇಳುವ ಪ್ರೆಶರ್ ಎಷ್ಟು, ನಿಜವಾಗಿ ಇರುವ ಪ್ರೆಶರ್ ಎಷ್ಟು ಅಂತ ಎರಡನ್ನೂ ನೋಡಲಿ.

ಹಳೇ ಗಾಡಿಗಳಲ್ಲಿ ನಾಜಲ್ ಪೈಪಿನ ನಟ್ ಸಡಿಲ ಮಾಡಿ ಏರ್ ತೆಗೆಯುವ ಅಭ್ಯಾಸ ಕೆಲವರಿಗೆ ಇನ್ನೂ ಇದೆ. ನಿಮ್ಮದರಂಥ ಕಾಮನ್ ರೈಲ್ ಇಂಜಿನ್ ಓಡುವಾಗ ಅದನ್ನು ಮಾಡಲೇಬಾರದು. ಆ ಪ್ರೆಶರಿನಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಬೆರಳೇ ಕತ್ತರಿಸಬೇಕಾಗಿ ಬರಬಹುದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಸರ್, ನನ್ನದು ಪೆಟ್ರೋಲ್-ಸಿಎನ್‌ಜಿ ಮಿನಿ ಟ್ರಕ್. ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಹೀಗೇ ಆಫ್ ಆಗುತ್ತದೆ. ನಾನೂ ವಾಲ್ವ್ ನೋಡಿಸಬೇಕಾ?

ಉತ್ತರ:
ಇಲ್ಲ, ನಿಮ್ಮದು ಬೇರೆ ದಾರಿ. ಸ್ವಿಚ್ ಪೆಟ್ರೋಲಿಗೆ ಹಾಕಿ ಓಡಿಸಿ ನೋಡಿ. ಪೆಟ್ರೋಲಿನಲ್ಲೂ ಆಫ್ ಆದರೆ ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿದೆಯಾ, ಯಾವುದಾದರೂ ವ್ಯಾಕ್ಯೂಮ್ ಪೈಪ್ ಸೀಳಿದೆಯಾ ನೋಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ಐಡ್ಲಿಂಗ್ ಬಿದ್ದರೆ ಬೂಸ್ಟರ್ ಒಳಗೇ ಗಾಳಿ ಸೋರುತ್ತಿರಬಹುದು. ಗ್ಯಾಸಿನಲ್ಲಿ ಮಾತ್ರ ಆದರೆ ಗ್ಯಾಸ್ ಫಿಲ್ಟರ್, ರೆಗ್ಯುಲೇಟರ್, ಸ್ಪಾರ್ಕ್ ಪ್ಲಗ್ ಈ ಮೂರರ ಕಡೆ ಹೋಗಿ.

ಪ್ರಶ್ನೆ ಕೇಳಿದವರು:
ಸರ್, ನೀವು ಹೇಳಿದ ಹಾಗೆ ಮಾಡಿದೆ. ಕ್ಲಚ್ ಸರಿ ಇದೆ. ಲೋಟದ ತಳದಲ್ಲಿ ಎರಡು ಬೆರಳಷ್ಟು ನೀರು, ಅದರ ಕೆಳಗೆ ಕೆಂಪು ಗಸಿ. ಚಿಕ್ಕಮಗಳೂರಿನಲ್ಲಿ ಸ್ಕ್ಯಾನರ್ ಹಾಕಿಸಿದೆ. ಕ್ಲಚ್ ಒತ್ತಿದಾಗ ಕೇಳಿದ್ದು 300, ಇದ್ದದ್ದು 170ಕ್ಕೆ ಇಳಿದು ಗಾಡಿ ಆಫ್. ಪಿ0087 ಅಂತ ಕೋಡ್ ಕೂಡ ಇತ್ತು. ಈಗ ವಾಲ್ವ್ ಒಂದೇ ಹಾಕಿಸಿದರೆ ಸಾಕಾ?

ಉತ್ತರ:
ಪಿ0087 ಅಂದರೆ ರೈಲ್ ಪ್ರೆಶರ್ ಕಡಿಮೆ ಅಂತಷ್ಟೇ. ಯಾಕೆ ಕಡಿಮೆ ಅಂತ ಅದು ಹೇಳುವುದಿಲ್ಲ. ವಾಲ್ವ್ ಬಿಚ್ಚಿದಾಗ ಅದರ ಜಾಲರಿಯನ್ನು ಬಿಸಿಲಿಗೆ ಹಿಡಿದು ನೋಡಲು ಹೇಳಿ. ಕೆಂಪು ತುಕ್ಕು ಮಾತ್ರ ಇದ್ದರೆ ಹೊಸ ವಾಲ್ವ್ ಹಾಕಿಸಿ. ಬೆಳ್ಳಿ ಪುಡಿಯಂತೆ ಹೊಳೆಯುವ ಚೂರುಗಳು ಕಂಡರೆ ಪಂಪ್ ಒಳಗೇ ಸವೆಯುತ್ತಿದೆ, ಆಗ ಗ್ಯಾರೇಜಿನವರು ಹೇಳಿದ್ದೇ ಸರಿ, ರೈಲ್, ಇಂಜೆಕ್ಟರ್ ಎಲ್ಲ ಬಿಚ್ಚಿ ತೊಳೆಯಬೇಕು. ಎರಡರಲ್ಲಿ ಯಾವುದೇ ಆಗಿರಲಿ, ಡೀಸೆಲ್ ಟ್ಯಾಂಕ್ ಇಳಿಸಿ ತೊಳೆಸದೆ ಹೊಸ ಸಾಮಾನು ಹಾಕಿಸಬೇಡಿ. ಅದೇ ನೀರು ಅದನ್ನೂ ತಿನ್ನುತ್ತದೆ. ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲ್) ಎಷ್ಟು ಬರುತ್ತದೆ ಅಂತ ನಾಲ್ಕು ಬಾಟಲಿ ಹಿಡಿದು ಅಳೆಯಲಿ, ಒಂದರಲ್ಲಿ ತುಂಬಾ ಜಾಸ್ತಿ ಬಂದರೆ ಆ ಇಂಜೆಕ್ಟರ್ ಕೂಡ ಪ್ರೆಶರ್ ಇಳಿಸುತ್ತಿದೆ. ಹೊಸ ವಾಲ್ವ್ ಹಾಕಿದ ಮೇಲೆ ಸ್ಕ್ಯಾನರಿನಿಂದ ಹಳೇ ಲರ್ನಿಂಗ್ (ಹಳೇ ವಾಲ್ವಿಗೆ ತಕ್ಕಂತೆ ಇಸಿಯು ನೆನಪಿಟ್ಟ ಲೆಕ್ಕ) ಅಳಿಸಲು ಮರೆಯಬಾರದು.

ಪ್ರಶ್ನೆ ಕೇಳಿದವರು:
ಜಾಲರಿಯಲ್ಲಿ ಬರೀ ತುಕ್ಕು ಸರ್, ಹೊಳೆಯುವುದು ಏನೂ ಇರಲಿಲ್ಲ. ರಿಟರ್ನ್ ನಾಲ್ಕರಲ್ಲೂ ಸಮ. ಟ್ಯಾಂಕ್ ತೊಳೆಸಿ, ಫಿಲ್ಟರ್, ವಾಲ್ವ್ ಹೊಸದು ಹಾಕಿಸಿದೆ. ಖಾಲಿ ಗಾಡಿಯಲ್ಲಿ ಘಾಟಿ ಇಳಿದು ಬಂದೆ, ಒಂದು ಸಲವೂ ಆಫ್ ಆಗಲಿಲ್ಲ. ತುಂಬಾ ಉಪಕಾರ ಆಯ್ತು. ಡ್ರಮ್ ಡೀಸೆಲ್ ಇನ್ನು ಮುಟ್ಟಲೇಬಾರದಾ?

ಉತ್ತರ:
ತುಂಬಾ ಸಂತೋಷ ಅಣ್ಣಾ. ಗಾಡಿಗೆ ಬಂಕಿನದೇ ಹಾಕಿ. ಮಲೆನಾಡಿನ ಹವೆಯಲ್ಲಿ ಅರ್ಧ ಖಾಲಿ ಡ್ರಮ್ಮಿನ ಒಳಗೋಡೆ ರಾತ್ರಿ ಬೆವರುತ್ತದೆ, ಆ ನೀರು ತಳ ಸೇರುತ್ತದೆ. ಪಂಪ್‌ಸೆಟ್‌ಗೆ ತೆಗೆಯುವಾಗಲೂ ಪೈಪ್ ತಳಕ್ಕೆ ಮುಟ್ಟಿಸಬೇಡಿ, ಡ್ರಮ್ಮನ್ನು ಸೂರಿನ ಕೆಳಗಿಡಿ. ಗಾಡಿಯ ಫಿಲ್ಟರ್ ನೀರನ್ನು ಇನ್ನು ಕೆಲವು ಸಲ ವಾರಕ್ಕೊಮ್ಮೆ ಲೋಟಕ್ಕೆ ಬಿಟ್ಟು ನೋಡಿ. ಲೋಟದಲ್ಲಿ ಏನೂ ಬೇರೆಯಾಗದಿದ್ದರೆ ಲೋಡ್ ಹಾಕಿಕೊಂಡು ಹೊರಡಿ.