ಸಮಸ್ಯೆ: ಹಂದಿಯ ಕೊಬ್ಬಿಗೆ ಕೋಟೆಯು ಬಿದ್ದಿತು

ಈ ವಾರದ ಸಾಲು ಮೇಲಿದೆ. ಇದೇ ಕೊನೆಯ ಸಾಲಾಗುವಂತೆ ಮೊದಲ ಮೂರು ಸಾಲು ಬರೆದು ಪದ್ಯ ಮುಗಿಸಬೇಕು; ಹಾಗೆ ಓದುಗರು ಮುಗಿಸಿದ್ದೇ ಪೂರಣ. ಸಾಲಿಗೆ 4 ಮಾತ್ರೆಯ (ಉಚ್ಚಾರದ ಕಾಲದ ಅಳತೆ) 4 ಗಣ (ಗುಂಪು), ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ. ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ) ಬಿಡಬೇಡಿ, ಕೊನೆಯ ಸಾಲಿನ ಒಂದಕ್ಷರವನ್ನೂ ಬದಲಿಸಬೇಡಿ.

ಸುಮ್ನೆ ಕಟ್ಟಿದ ಸಾಲಲ್ಲ ಇದು. 1215, ಇಂಗ್ಲೆಂಡಿನ ರೋಚೆಸ್ಟರ್ ಕೋಟೆ. ದಂಗೆಯೆದ್ದ ಸರದಾರರು ಒಳಗೆ, ಮುತ್ತಿಗೆ ಹಾಕಿದ ರಾಜ ಜಾನ್ ಹೊರಗೆ. ಕಲ್ಲೆಸೆಯುವ ಯಂತ್ರಗಳಿಂದ ಕೆಲಸ ಆಗದೆ ಸುರಂಗ ತೋಡಿಸಿದ. ನವೆಂಬರ್ 25ರಂದು ತನ್ನ ಹಿರಿಯ ಅಧಿಕಾರಿ ಹ್ಯೂಬರ್ಟ್ ಡಿ ಬರ್ಗ್‌ಗೆ ಪತ್ರ ಬರೆಸಿದ: ತಿನ್ನಲು ಅಷ್ಟೇನೂ ಚೆನ್ನಾಗಿಲ್ಲದ, ಚೆನ್ನಾಗಿ ಕೊಬ್ಬಿದ 40 ಹಂದಿಗಳನ್ನು ಹಗಲು ರಾತ್ರಿ ಎನ್ನದೆ ಕಳಿಸು, ಗೋಪುರದ (ಕೋಟೆಯೊಳಗಿನ ಮುಖ್ಯ ಕಟ್ಟಡ) ಕೆಳಗೆ ಬೆಂಕಿ ಹಾಕಬೇಕು.

ಪೂರಣ 1

ಕುಂದದ ಗೋಡೆಯ ಬುಡವನು ಕೊರೆದರು
ಹೊಂದಿಸಿ ಕಂಬದ ಆಸರೆ ಕೊಟ್ಟರು
ನಂದದ ಬೆಂಕಿಗೆ ಕಂಬಗಳುರಿಯಲು
ಹಂದಿಯ ಕೊಬ್ಬಿಗೆ ಕೋಟೆಯು ಬಿದ್ದಿತು

ಅಗೆಯುವವರ ತಲೆಯ ಮೇಲೇ ಗೋಡೆ ಕುಸಿಯಬಾರದು ಅಲ್ವಾ, ಅದಕ್ಕೇ ಮರದ ಕಂಬ. ಅಗೆತ ಮುಗಿದ ಮೇಲೆ ಸೌದೆ ತುಂಬಿ ಬೆಂಕಿ ಇಡುತ್ತಾರೆ. ಕೊಬ್ಬು ಬಿದ್ದರೆ ಉರಿ ಜಾಸ್ತಿ. ಕಂಬ ಸುಟ್ಟಿತೋ, ಮೇಲಿನ ಭಾರಕ್ಕೆ ಆಸರೆಯೇ ಇಲ್ಲ.

ಪೂರಣ 2

ನನ್ನದೊಂದು ತಕರಾರಿದೆ. ಬೆಂಕಿಗೆ ಬಿದ್ದದ್ದು ಗೋಪುರದ ದಕ್ಷಿಣದ ಮೂಲೆ ಮಾತ್ರ. ಒಳಗೆ ನಟ್ಟನಡುವೆ ಒಂದು ಅಡ್ಡಗೋಡೆ ಇದೆ. ಸರದಾರರು ಅದರಾಚೆ ಸರಿದು ಕಾದಾಡಿದರು, ಕುದುರೆ ಮಾಂಸ ತಿಂದರು. ನವೆಂಬರ್ 30ಕ್ಕೆ ಅವರನ್ನು ಶರಣಾಗಿಸಿದ್ದು ಹಸಿವು. ಹಾಗಾಗಿ:

ಹಿಂದಿನ ಗೋಡೆಯ ಮರೆಯಲಿ ನಿಂತರು
ಕೊಂದರು ಕುದುರೆಯ, ಹಸಿವನು ಕಳೆದರು
ಬೆಂದರು ಹಸಿವಲಿ, ಸೋತರು, ಎಂತೈ
ಹಂದಿಯ ಕೊಬ್ಬಿಗೆ ಕೋಟೆಯು ಬಿದ್ದಿತು?

ಸಮಸ್ಯೆ ಕೊಟ್ಟವರ ಮಾತು

ಭಲೇ! ಸಾಲನ್ನು ಮುಟ್ಟದೆ ‘ಎಂತೈ’ ಒಂದರಿಂದಲೇ ಅದನ್ನು ಪ್ರಶ್ನೆ ಮಾಡಿಬಿಟ್ಟಿರಿ. ಬೆಂಕಿಯ ಕಥೆಯಲ್ಲಿ ‘ಬೆಂದರು’ ಹಸಿವಿಗೆ ಬಂದದ್ದು ಇನ್ನೂ ಇಷ್ಟವಾಯಿತು. ಎರಡನೆಯ ಸಾಲಿನ ‘ಹಸಿವನು ಕಳೆದರು’ ಮಾತ್ರ ತುಸು ಸಡಿಲ. ಹಸಿವು ಕಳೆದಿದ್ದರೆ ಮುಂದಿನ ಸಾಲಿನಲ್ಲಿ ಬೇಯುವುದೇಕೆ? ‘ದಿನವನು ಕಳೆದರು’ ಎಂದರೆ ಮಾತ್ರೆಯೂ ಕೂಡುತ್ತದೆ, ಅರ್ಥವೂ ನಿಲ್ಲುತ್ತದೆ. ಬಿದ್ದ ಮೂಲೆಯನ್ನು ಜಾನ್‌ನ ಮಗ 3ನೇ ಹೆನ್ರಿಯ ಕಾಲದಲ್ಲಿ ದುಂಡಗೆ ಕಟ್ಟಿದರು. ಉಳಿದ ಮೂರು ಮೂಲೆ ಇವತ್ತಿಗೂ ಚೌಕ.

ಮುಂದಿನ ವಾರ ಒಳಗಿನವರ ಸರದಿ. 1240ರಲ್ಲಿ ಫ್ರಾನ್ಸಿನ ಕಾರ್ಕಸ್ಸೊನ್‌ನಲ್ಲಿ ಶತ್ರುಗಳು ಸುರಂಗ ತೋಡಿದಾಗ ಒಳಗಿನವರು ಎದುರು ಸುರಂಗ ತೋಡಿದರು, ಒಳಗಡೆ ಕಲ್ಲಿನ ಇನ್ನೊಂದು ಗೋಡೆ ಎಬ್ಬಿಸಿದರು. ಸಾಲು ಇದು:

ಗೋಡೆಯು ಬಿದ್ದರು ಗೋಡೆಯು ನಿಂತಿತು