ಸಹಾಯ ಬೇಕು: ಕೆಲಸ–ಕುಟುಂಬ ಸಂಘರ್ಷ ಮತ್ತು ಮಾನಸಿಕ ಆರೋಗ್ಯದಲ್ಲಿ ಯಾವುದು ಕಾರಣ, ಯಾವುದು ಪರಿಣಾಮ?

ಉದ್ಯೋಗ ಮತ್ತು ಕುಟುಂಬದ ಹೊಣೆಗಳನ್ನು ಒಟ್ಟಿಗೆ ನಿಭಾಯಿಸುವವರ ಮಾನಸಿಕ ಆರೋಗ್ಯದ ಕುರಿತು ಸ್ನಾತಕೋತ್ತರ ಪ್ರಬಂಧ ಬರೆಯುತ್ತಿದ್ದು, ವಿಶ್ಲೇಷಣೆಯ ಹಂತದಲ್ಲಿ ಸಿಕ್ಕಿಕೊಂಡಿದ್ದೇನೆ. ಸಂಶೋಧಕರಾದ ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ 1985ರಲ್ಲಿ ಈ ಎರಡು ಹೊಣೆಗಳ ನಡುವಿನ ಸಂಘರ್ಷಕ್ಕೆ ಸಮಯ, ಒತ್ತಡ ಮತ್ತು ವರ್ತನೆ ಎಂಬ ಮೂರು ಮೂಲಗಳನ್ನು ಗುರುತಿಸಿದ್ದರು. ನಾನು ಬಳಸಿದ್ದು ನೆಟೆಮೆಯರ್ ಮತ್ತು ಸಂಗಡಿಗರು 1996ರಲ್ಲಿ ರೂಪಿಸಿದ ಮಾಪನ. ಅದರಲ್ಲಿ ಕೆಲಸವು ಕುಟುಂಬಕ್ಕೆ ಅಡ್ಡಬರುವುದರ ಬಗ್ಗೆ 5, ಕುಟುಂಬವು ಕೆಲಸಕ್ಕೆ ಅಡ್ಡಬರುವುದರ ಬಗ್ಗೆ 5 ಹೇಳಿಕೆಗಳಿವೆ. ಮಾನಸಿಕ ಆರೋಗ್ಯಕ್ಕೆ 12 ಪ್ರಶ್ನೆಗಳ ಸಾಮಾನ್ಯ ಆರೋಗ್ಯ ಪ್ರಶ್ನಾವಳಿಯನ್ನು ಬಳಸಿದ್ದೇನೆ.

ಸಂಘರ್ಷ ಹೆಚ್ಚಿದ್ದವರಲ್ಲಿ ಮಾನಸಿಕ ಸಂಕಟವೂ ಹೆಚ್ಚಿದೆ. ಆದರೆ ಈಗಾಗಲೇ ಖಿನ್ನತೆಯಲ್ಲಿರುವ ವ್ಯಕ್ತಿಗೆ ಸಾಧಾರಣ ಹೊಣೆಯೂ ಭಾರವಾಗಿ ಕಾಣುತ್ತದೆಯಲ್ಲವೇ? ವಯಸ್ಸು, ಮಕ್ಕಳ ಸಂಖ್ಯೆ, ದುಡಿಮೆಯ ಅವಧಿಗಳನ್ನು ನಿಯಂತ್ರಿಸಿ ನೋಡಿದರೂ ಸಂಬಂಧ ಉಳಿಯಿತು. ಸಂಖ್ಯಾಶಾಸ್ತ್ರೀಯ ಮಾದರಿಯನ್ನು ತಿರುಗಿಸಿ, ಸಂಕಟವನ್ನೇ ಕಾರಣವೆಂದು ಇಟ್ಟಾಗಲೂ ಅದು ಅಷ್ಟೇ ಚೆನ್ನಾಗಿ ಹೊಂದಿತು. ನಿದ್ರೆಯ ಕೊರತೆಯನ್ನು ಮಧ್ಯವರ್ತಿ ಅಂಶವಾಗಿ, ಅಂದರೆ ಸಂಘರ್ಷವನ್ನು ಸಂಕಟಕ್ಕೆ ಜೋಡಿಸುವ ನಡುವಿನ ಕೊಂಡಿಯಾಗಿ, ಸೇರಿಸುವಂತೆ ಮಾರ್ಗದರ್ಶಕರು ಸೂಚಿಸಿದರು, ಆದರೆ ಎಲ್ಲವನ್ನೂ ಒಂದೇ ಸಲ ಅಳೆದಿರುವಾಗ ಅದರಿಂದ ಗೊಂದಲ ಇನ್ನೊಂದು ಮೆಟ್ಟಿಲು ಮುಂದೆ ಹೋಗುತ್ತದೆಯೇ ಹೊರತು ಬಗೆಹರಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಉತ್ತರಪತ್ರಗಳು ಅನಾಮಧೇಯವಾಗಿರುವುದರಿಂದ ಅದೇ ಜನರನ್ನು ಮತ್ತೆ ಕೇಳುವಂತೆಯೂ ಇಲ್ಲ.

ಸಂಖ್ಯಾಶಾಸ್ತ್ರ ಅಥವಾ ಮನಶ್ಶಾಸ್ತ್ರ ಬಲ್ಲವರಲ್ಲಿ ನನ್ನ ಪ್ರಶ್ನೆ ಇದು: ಎರಡನೆಯ ಸುತ್ತಿನ ಮಾಹಿತಿ ಇಲ್ಲದೆಯೇ ಪ್ರಭಾವದ ದಿಕ್ಕನ್ನು ಬೇರ್ಪಡಿಸಲು ಸಮರ್ಥಿಸಿಕೊಳ್ಳಬಹುದಾದ ವಿಧಾನವೇನಾದರೂ ಇದೆಯೇ, ಅಥವಾ ಪರಸ್ಪರ ಸಂಬಂಧವಿದೆ ಎಂದಷ್ಟೇ ಬರೆದು ನಿಲ್ಲಿಸಬೇಕೇ?