ಕೋಡು, ಡಾಕ್ಯುಮೆಂಟೇಶನ್ ಎರಡೂ ಒಂದೇ ಪುಲ್ ರಿಕ್ವೆಸ್ಟಲ್ಲಿ ಕಳಿಸ್ಬೇಕಾ, ಬೇರೆ ಬೇರೆನಾ?

ವಿಜಯನಗರ_ಕೋಡರ್:
ಎಲ್ರಿಗೂ ನಮಸ್ಕಾರ. ಒಂದು ಓಪನ್ ಸೋರ್ಸ್ ನಿಘಂಟು ಟೂಲ್‌ಗೆ ಪ್ಯಾಚ್ (ತಿದ್ದುಪಡಿ) ಬರೀತಾ ಇದೀನಿ, ಪೈಥಾನಲ್ಲಿದೆ. "ಕೋಳಿ" ಅಂತ ಹುಡುಕಿದ್ರೆ ಕೆಲವರಿಗೆ ಸಿಗತ್ತೆ, ಕೆಲವರಿಗೆ ಸಿಗಲ್ಲ. ಒಳಗೆ ಹೊಕ್ಕು ನೋಡಿದ್ರೆ, ಯೂನಿಕೋಡಲ್ಲಿ (ಕಂಪ್ಯೂಟರಲ್ಲಿ ಎಲ್ಲಾ ಭಾಷೆ ಅಕ್ಷರಕ್ಕೂ ನಂಬರ್ ಕೊಡೋ ಪದ್ಧತಿ) ಆ "ಕೋ"ನ ಕ ಪಕ್ಕ ಒಂದೇ ಓಕಾರದ ಚಿಹ್ನೆ ಹಾಕಿನೂ ಬರೀಬಹುದು, ಮೂರು ಚಿಹ್ನೆ ಜೋಡಿಸಿನೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ ಥರ, ಆದ್ರೆ ಒಂದ್ರಲ್ಲಿ 4 ಕೋಡ್‌ಪಾಯಿಂಟ್ (ಅಂಥ ನಂಬರ್) ಇನ್ನೊಂದ್ರಲ್ಲಿ 6, ಹಾಗಾಗಿ ಪ್ರೋಗ್ರಾಮ್‌ಗೆ ಅದು ಬೇರೆನೇ ಪದ. ಹುಡುಕೋಕೆ ಮುಂಚೆ ಎರಡೂ ಕಡೆ ಎನ್‌ಎಫ್‌ಸಿಗೆ (ಯೂನಿಕೋಡಿನ ಜೋಡಿಸಿದ ಒಂದೇ ರೂಪಕ್ಕೆ) ನಾರ್ಮಲೈಸ್ ಮಾಡ್ದೆ, ಈಗ ಸಿಗ್ತಿದೆ.

ಜೊತೆಗೆ ರೀಡ್‌ಮೀಲಿ (ಟೂಲ್ ಪರಿಚಯದ ಫೈಲು) ಹುಡುಕಾಟದ ಭಾಗ ತಿದ್ದಿದೀನಿ, ಅಲ್ಲೇ ಇದ್ದ ಸ್ಪೆಲಿಂಗ್ ತಪ್ಪುಗಳು, ಹಳೇ ಇನ್‌ಸ್ಟಾಲ್ ವಿವರ ಕೂಡ. ಎಲ್ಲಾ ಒಂದೇ ಪುಲ್ ರಿಕ್ವೆಸ್ಟಾಗಿ (ಪಿಆರ್, ಅಂದ್ರೆ ಈ ಬದಲಾವಣೆ ಸೇರಿಸ್ಕೊಳಿ ಅನ್ನೋ ಕೋರಿಕೆ) ಕಳಿಸಿದ್ದಕ್ಕೆ ಮೇಂಟೇನರ್ (ಪ್ರಾಜೆಕ್ಟ್ ನೋಡ್ಕೊಳೋರು) "ಒಡೆದು ಕಳಿಸಿ" ಅಂತ ಒಂದೇ ಸಾಲು ಬರೆದಿದಾರೆ. ಅಂದ್ರೆ ಡಾಕ್ಸ್ ಎಲ್ಲಾ ತೆಗೆದು ಬೇರೆ ಪಿಆರ್ ಮಾಡ್ಬೇಕಾ?

ಬಸವನಗುಡಿ_ಟರ್ಮಿನಲ್:
ಇಲ್ಲ, ದಯವಿಟ್ಟು ಹಾಗೆ ಒಡೀಬೇಡಿ. ಇದು ಕೋಡಾ ಡಾಕ್ಸಾ ಅಂತ ನೋಡಿ ಗೆರೆ ಎಳೆಯೋದಲ್ಲ, ಒಂದು ಪಿಆರ್‌ಗೆ ಒಂದೇ ವಿಷಯ ಅಂತ ಎಳೀಬೇಕು. ಹುಡುಕಾಟದ ಕೋಡು, ಅದರ ಟೆಸ್ಟು, ರೀಡ್‌ಮೀಲಿ ಹುಡುಕಾಟದ ಬಗ್ಗೆ ಇರೋ ಪ್ಯಾರಾ, ಚೇಂಜ್‌ಲಾಗಲ್ಲಿ (ಬದಲಾವಣೆಗಳ ಪಟ್ಟಿ) ಒಂದು ಸಾಲು, ಇಷ್ಟೂ ಒಂದೇ ವಿಷಯ, ಒಟ್ಟಿಗೇ ಹೋಗ್ಲಿ. ಸ್ಪೆಲಿಂಗ್ ಇನ್ನೊಂದು ಪಿಆರ್. ಇನ್‌ಸ್ಟಾಲ್ ವಿವರ ಮತ್ತೊಂದು, ಯಾಕಂದ್ರೆ ಅದನ್ನ ಯಾರಾದ್ರೂ ಹೊಸ ಮೆಷಿನಲ್ಲಿ ಓಡಿಸಿ ನೋಡ್ಬೇಕಾಗತ್ತೆ.

ಲಿನಕ್ಸ್ ಕರ್ನಲ್‌ಗೆ ಪ್ಯಾಚ್ ಕಳಿಸೋರಿಗೆ ಇರೋ ಸೂಚನೆಲೂ ಇದೇ ಇದೆ, ಒಂದೊಂದು ತಾರ್ಕಿಕ ಬದಲಾವಣೆಗೆ ಒಂದೊಂದು ಪ್ಯಾಚ್. ಅವರ ಡಾಕ್ಯುಮೆಂಟೇಶನ್ ಕೂಡ ಕೋಡ್ ಇರೋ ಫೋಲ್ಡರ್ ಟ್ರೀ ಒಳಗೇ ಇದೆ.

ಇದರ ಬೆಲೆ ಗೊತ್ತಾಗೋದು ಏನಾದ್ರೂ ಕೆಟ್ಟಾಗ. ನಾಳೆ ನಿಮ್ಮ ನಾರ್ಮಲೈಸ್ ಬದಲಾವಣೆಯಿಂದ ಇನ್ನೇನೋ ಮುರಿದು ರಿವರ್ಟ್ ಮಾಡಿದ್ರೆ ಅದರ ವಿವರಣೆನೂ ಜೊತೇಲೇ ವಾಪಸ್ ಹೋಗ್ಬೇಕು, ಇಲ್ದಿದ್ರೆ ಟೂಲ್ ಮಾಡದೇ ಇರೋ ಕೆಲಸನ ರೀಡ್‌ಮೀ ಮಾಡತ್ತೆ ಅಂತ ಹೇಳ್ತಾ ಕೂತಿರತ್ತೆ. ಆದ್ರೆ ಸ್ಪೆಲಿಂಗ್ ತಿದ್ದಿದ್ದು ಯಾಕೆ ವಾಪಸ್ ಹೋಗ್ಬೇಕು ಹೇಳಿ? ಬೈಸೆಕ್ಟ್ ಮಾಡಿದ್ರೆ (ಪ್ರತಿ ಸಲ ಅರ್ಧ ಅರ್ಧ ಮಾಡ್ತಾ ಹುಡುಕಿದ್ರೆ) ಸಾವಿರ ಕಮಿಟ್ (ದಾಖಲಾದ ಬದಲಾವಣೆ) ಇದ್ರೂ ಸುಮಾರು 10 ಸಲ ಟೆಸ್ಟ್ ಮಾಡಿ ತಪ್ಪಿತಸ್ಥ ಕಮಿಟ್ ಹಿಡೀಬಹುದು, ಆದ್ರೆ ಹಿಡಿದ ಮೇಲೆ ಅದರೊಳಗೆ ಸಂಬಂಧವಿಲ್ಲದ ಹತ್ತು ಕೆಲಸ ತುಂಬಿದ್ರೆ ಹಿಡಿದೂ ಪ್ರಯೋಜನ ಇಲ್ಲ.

ಒಡೆಯೋದು ಕಷ್ಟ ಏನಲ್ಲ, ಬದಲಾವಣೆ ದಾಖಲಿಸೋ ಗಿಟ್ ಟೂಲಲ್ಲಿ ಗಿಟ್ ಆಡ್‌ಗೆ ಪ್ಯಾಚ್ ಆಪ್ಷನ್ ಕೊಟ್ರೆ ಒಂದೇ ಫೈಲಿನ ತುಂಡು ತುಂಡನ್ನೂ ಕೇಳಿ ಕೇಳಿ ತಗೊಳತ್ತೆ. ಬೇರೆ ಕಮಿಟ್ ಮಾಡಿ ಒಂದೇ ಪಿಆರಲ್ಲಿ ಇಟ್ರೆ ಸಾಲ್ದಾ ಅಂತ ನೀವು ಕೇಳಬಹುದು. ಪ್ರಾಜೆಕ್ಟಲ್ಲಿ ಸ್ಕ್ವಾಶ್ ಮರ್ಜ್ ಮಾಡ್ತಾರಾ ನೋಡಿ, ಮಾಡ್ತಾರೆ ಅಂದ್ರೆ ಎಲ್ಲಾ ಸೇರಿ ಒಂದೇ ಕಮಿಟ್ ಆಗೋಗತ್ತೆ.

ಮಲ್ಲೇಶ್ವರಂ_ಅನುವಾದ:
ಮೇಲಿನವರು ಹೇಳಿದ್ದಕ್ಕೆ ಅನುವಾದ ಮಾಡೋರ ಕಡೆಯಿಂದ ಒಂದು ಮಾತು ಸೇರಿಸ್ತೀನಿ, ಯಾಕಂದ್ರೆ ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ಆ ಸ್ಪೆಲಿಂಗ್ ತಪ್ಪು ಬರೀ ರೀಡ್‌ಮೀಲಿ ಇದ್ರೆ ಸರಿ, ಪ್ರೋಗ್ರಾಮ್ ತೋರಿಸೋ ಇಂಗ್ಲಿಷ್ ಮೆಸೇಜಲ್ಲೂ ತಿದ್ದಿದ್ರೆ ಹುಷಾರು. ಗೆಟ್‌ಟೆಕ್ಸ್ಟ್ (ಮೆಸೇಜ್ ಅನುವಾದಕ್ಕಿರೋ ಟೂಲು) ಬಳಸೋ ಪ್ರಾಜೆಕ್ಟಲ್ಲಿ ಮೂಲ ಸಾಲೇ ಕೀ, ಅಂದ್ರೆ ಅನುವಾದ ಹುಡುಕೋ ಗುರುತು. ಅದರಲ್ಲಿ ಒಂದು ಕಾಮಾ ಬದಲಾದ್ರೂ ಪಿಒ ಫೈಲ್ (ಅನುವಾದಗಳಿರೋ ಫೈಲು) ಅಪ್‌ಡೇಟ್ ಆದಾಗ ಕನ್ನಡದ ಸಾಲು ಫಜ್ಜಿ (ಮತ್ತೆ ನೋಡ್ಬೇಕು) ಅಂತ ಗುರುತಾಗತ್ತೆ, ಫಜ್ಜಿ ಆಗಿರೋದನ್ನ ಕಂಪೈಲ್ ಮಾಡೋವಾಗ ಡೀಫಾಲ್ಟಾಗಿ ಬಿಟ್ಬಿಡತ್ತೆ. ಆಮೇಲೆ ಕನ್ನಡದಲ್ಲಿ ಬಳಸ್ತಿದ್ದೋರಿಗೆ ಮಧ್ಯೆ ಮಧ್ಯೆ ಇಂಗ್ಲಿಷ್ ಕಾಣಿಸತ್ತೆ, ಅವರಿಗೆ ಯಾಕೆ ಅಂತನೂ ಗೊತ್ತಾಗಲ್ಲ. ಎಲ್ಲಾ ಭಾಷೆಗೂ ಇದೇ ಗತಿ. ಅದಕ್ಕೇ ಅಂಥದ್ದು ಬೇರೆ ಪಿಆರಾಗಿ, ಹೆಸರಲ್ಲೇ ಮೆಸೇಜ್ ಬದಲಾಗಿದೆ ಅಂತ ಕಾಣೋ ಹಾಗೆ ಬಂದ್ರೆ ನಾವು ರಿಲೀಸ್‌ಗೆ ಮುಂಚೆ ಕೂತು ಸರಿ ಮಾಡ್ತೀವಿ.

ಪರ್ಪಲ್_ಲೈನ್_ರೀಡರ್:
ನಾನು ವೈಟ್‌ಫೀಲ್ಡಿಂದ ಮೆಟ್ರೋದಲ್ಲಿ ಬರ್ತಾ ಫೋನಲ್ಲೇ ರಿವ್ಯೂ ಮಾಡೋದು. ಚಿಕ್ಕ ಡಿಫ್ (ಬದಲಾದ ಸಾಲುಗಳ ಪಟ್ಟಿ) ಆದ್ರೆ ಮೆಜೆಸ್ಟಿಕ್ ಬರೋದ್ರೊಳಗೆ ನೆಮ್ಮದಿಯಾಗಿ ಓದಿ ಒಪ್ಪಿಗೆ ಕೊಡ್ತೀನಿ, ದೊಡ್ಡದು ಭಾನುವಾರಕ್ಕೆ ಹೋಗತ್ತೆ. ಇನ್ನೊಂದು, ಡಾಕ್ಸ್ ಬೇರೆ ರೆಪೊಸಿಟರಿಲಿ (ಫೈಲುಗಳ ಸಂಗ್ರಹ) ಇರೋ ಪ್ರಾಜೆಕ್ಟ್‌ಗಳೂ ಇವೆ, ಅಲ್ಲಿ ಎರಡು ಪಿಆರ್ ಅನಿವಾರ್ಯ, ಒಂದರಲ್ಲಿ ಇನ್ನೊಂದರ ಲಿಂಕ್ ಹಾಕಿ.

ವಿಜಯನಗರ_ಕೋಡರ್:
ಎಲ್ರಿಗೂ ಥ್ಯಾಂಕ್ಸ್, ಈಗ ಮೂರಾಗಿ ಒಡೀತೀನಿ. ಮೆಸೇಜ್ ಯಾವುದೂ ಮುಟ್ಟಿಲ್ಲ, ಬರೀ ರೀಡ್‌ಮೀ. ಇನ್ನೊಂದು ಡೌಟು, "ಸಾಫ್ಟ್‌ವೇರ್" ಅಂತ ಕೊಟ್ರೆ ಸಿಗತ್ತೆ, ವ ಒತ್ತಾಗಿ ಕೂತಿರೋ "ಸಾಫ್ಟ್ವೇರ್" ಕೊಟ್ರೆ ಈಗ್ಲೂ ಸಿಗ್ತಿಲ್ಲ. ಇದನ್ನೂ ಇದೇ ಪಿಆರಲ್ಲಿ ಸೇರಿಸ್ಲಾ?

ಬಸವನಗುಡಿ_ಟರ್ಮಿನಲ್:
ಬೇಡ. ಮೊದಲನೇದ್ರ ಮಧ್ಯೆ ಕೂತಿರೋದು ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರ ಒತ್ತಾಗದ ಹಾಗೆ ತಡೆಯೋ ಚಿಹ್ನೆ), ಎನ್‌ಎಫ್‌ಸಿ ಅದನ್ನ ಮುಟ್ಟಲ್ಲ. ಹುಡುಕೋವಾಗ ತೆಗೀಬೇಕಾ ಇಟ್ಕೋಬೇಕಾ ಅನ್ನೋದು ಬೇರೆ ಚರ್ಚೆ, ಅದಕ್ಕೆ ಇಶ್ಯೂ ತೆರೀರಿ. ಆದ್ರೆ ರೀಡ್‌ಮೀಲಿ ಹುಡುಕಾಟದ ಪ್ಯಾರಾ ಕೊನೇಲಿ "ಇದು ಇನ್ನೂ ಹೊಂದಲ್ಲ" ಅಂತ ಒಂದು ವಾಕ್ಯ ಈ ಪಿಆರಲ್ಲೇ ಹಾಕಿ, ಟೆಸ್ಟಲ್ಲಿ "ಕೋಳಿ"ಯ ಆ ಎರಡೂ ರೂಪನ ಎಸ್ಕೇಪ್ ಕೋಡಲ್ಲೇ (ಅಕ್ಷರದ ಬದಲು ಅದರ ಯೂನಿಕೋಡ್ ನಂಬರ್) ಬರೀರಿ, ನೇರ ಕನ್ನಡದಲ್ಲಿ ಟೈಪ್ ಮಾಡಿದ್ರೆ ಯಾವುದೋ ಎಡಿಟರ್ ಸೇವ್ ಮಾಡೋವಾಗ ಬದಲಾಯಿಸಿದ್ರೂ ಡಿಫ್ ನೋಡಿ ಗೊತ್ತಾಗಲ್ಲ.